ಸಹಾಯ ಬೇಕು: ಏರುದಾರಿಯ ಸೈಕ್ಲಿಂಗ್‌ಗೆ ಜಿಮ್‌ನ ಯಾವ ಯಂತ್ರ ಸೂಕ್ತ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನವನಾದ ನನಗೆ, ಮಳೆಗಾಲ ಮುಗಿದ ಮೇಲೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ರಸ್ತೆಯನ್ನು ಎಲ್ಲಿಯೂ ಕಾಲೂರದೆ ಸೈಕಲ್ಲಿನಲ್ಲಿ ಏರಬೇಕೆಂಬ ಆಸೆಯಿದೆ. ಮಂಜು ಕವಿದ, ಜಾರುವ ತಿರುವುಗಳಲ್ಲಿ ಈಗ ಅಭ್ಯಾಸ ಮಾಡುವುದು ಕ್ಷೇಮವಲ್ಲವಾದ್ದರಿಂದ ಜಿಮ್‌ಗೆ ಸೇರಿದ್ದೇನೆ.

ಪೆಡಲ್ ತುಳಿಯುವ ಚಲನೆಯೇ ಇರುವ ಸ್ಪಿನ್ ಬೈಕ್‌ನಲ್ಲಿ ಪ್ರತಿರೋಧವನ್ನು ಹೆಚ್ಚಿಸಿಕೊಂಡು, ನಿಮಿಷಕ್ಕೆ 60ರಿಂದ 70 ಸುತ್ತುಗಳಂತೆ ತುಳಿಯುವುದು ಏರಿಗೆ ಹತ್ತಿರದ ಅಭ್ಯಾಸವೆಂದು ನನ್ನ ಅಭಿಪ್ರಾಯ. ಆದರೆ ಅದರ ಭಾರವಾದ ಚಕ್ರವು ಒಮ್ಮೆ ವೇಗ ಪಡೆದರೆ ತಾನೇ ಪೆಡಲನ್ನು ಎಳೆದೊಯ್ಯುತ್ತದೆ. ಕಡಿದಾದ ಏರಿನಲ್ಲಿ ಅಂತಹ ನೆರವು ದೊರೆಯುವುದಿಲ್ಲ. ಮೆಟ್ಟಿಲು ಹತ್ತುವ ಯಂತ್ರವು ದೇಹದ ತೂಕವನ್ನೇ ಎತ್ತಿಸಿ ತೊಡೆ ಮತ್ತು ಪೃಷ್ಠದ ಸ್ನಾಯುಗಳನ್ನು ದುಡಿಸುತ್ತದೆ (ನಮ್ಮಲ್ಲಿ ಹೆಚ್ಚಿನವರು ಹಿಡಿಕೆಗೆ ಜೋತುಬಿದ್ದೇ ಹತ್ತುತ್ತಾರೆ, ಆ ಮಾತು ಬೇರೆ). ಏರು ಹೆಚ್ಚಿಸಿದ ಟ್ರೆಡ್‌ಮಿಲ್ ನಡಿಗೆಯೂ ಉಸಿರಿನ ಸಾಮರ್ಥ್ಯಕ್ಕೆ ಒಳ್ಳೆಯದೇ.

ವಾರಕ್ಕೆ ಮೂರು ದಿನ ಮಾತ್ರ ಬಿಡುವಿರುವ ನಾನು ಮೂರೂ ದಿನ ಸ್ಪಿನ್ ಬೈಕನ್ನೇ ತುಳಿಯಬೇಕೆ, ಅಥವಾ ಒಂದು ದಿನವನ್ನು ಮೆಟ್ಟಿಲು ಯಂತ್ರಕ್ಕೆ ಮೀಸಲಿಟ್ಟರೆ ಲಾಭವಿದೆಯೆ? ಗಿರಿಯ ರಸ್ತೆ ಏರಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.