ಮಾರಿಸ್ ಮೈನರ್ 1000: ವೈರಿಂಗ್ ಪೂರ್ತಿ ಹೊಸದು, ಪಾಸಿಟಿವ್ ಅರ್ಥ್ ಉಳಿಸಬೇಕಾ?

ಗ್ಯಾರೇಜ್_ಮೈಸೂರು
ಹಳೇ ಬ್ರಿಟಿಷ್ ಕಾರು, 1959ರದು, 12 ವೋಲ್ಟ್, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ). ಪೇಂಟ್ ಆಗಿದೆ, ವೈರಿಂಗ್ ಬಾಕಿ. ಬಟ್ಟೆ ಸುತ್ತಿದ ಹಳೇ ವೈರು ಮುಟ್ಟಿದರೆ ಉದುರುತ್ತೆ. ಬ್ಯಾಟರಿ ಚಾರ್ಜ್ ಮಾಡೋದು ಲೂಕಸ್ ಕಂಪನಿಯ ಸಿ40 ಡೈನಮೋ, ಅದನ್ನು ಹತೋಟಿಯಲ್ಲಿಡೋದು ಆರ್‌ಬಿ106 ಕಂಟ್ರೋಲ್ ಬಾಕ್ಸ್. ರೇಸ್ ಮಾಡಿದರೂ ಇಗ್ನಿಷನ್ ಲೈಟ್ ಆರಲ್ಲ, ಅಂದರೆ ಚಾರ್ಜ್ ಆಗ್ತಿಲ್ಲ. ಎಲೆಕ್ಟ್ರಿಷಿಯನ್ ಹೇಳೋದು: ಆಲ್ಟರ್ನೇಟರ್ ಹಾಕಿ, ನೆಗೆಟಿವ್ ಅರ್ಥ್ ಮಾಡಿ, ಮನೆಗೆ ಎಳೆಯೋ ವೈರನ್ನೇ ಎಲ್ಲಾ ಕಡೆ ಎಳೆಯೋಣ ಅಂತ. ಒಪ್ಪಲಾ? 60/55 ವ್ಯಾಟ್ ಹ್ಯಾಲೊಜನ್ ಹೆಡ್‌ಲೈಟ್ ಹಾಕೋ ಯೋಚನೆಯೂ ಇದೆ.

ಕಂದು_ವೈರು
ಮನೆ ವೈರು ಬೇಡ ಸರ್. ಎಣ್ಣೆ, ಎಂಜಿನ್ ಶಾಖ, ನಡುಕ ಮೂರಕ್ಕೂ ಅದು ಮಾಡಿದ್ದಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆಟೋ ಕೇಬಲ್ ಅಂತಲೇ ಕೇಳಿ. ಸೈಡ್ ಲೈಟ್, ಇಂಡಿಕೇಟರ್‌ಗೆ 1 ಚದರ ಮಿಮೀ (14/0.30, ಅಂದರೆ 0.30 ಮಿಮೀಯ 14 ಎಳೆ) ಸಾಕು. ಹೆಡ್‌ಲೈಟಿಗೆ 2 (28/0.30). ಡೈನಮೋದ ಡಿ (ಔಟ್‌ಪುಟ್) ವೈರು, ಬ್ಯಾಟರಿಯಿಂದ ಬರೋ ಕಂದು ಮೇನ್ ಫೀಡ್ ಎರಡಕ್ಕೂ 4.5 (65/0.30) ಹಾಕಿದರೆ ಚಿಂತೆಯಿಲ್ಲ.

ಬಣ್ಣ ಮಾತ್ರ ಲೂಕಸ್ ಪದ್ಧತಿಯಲ್ಲೇ ಇರಲಿ: ಕಂದು ಬ್ಯಾಟರಿ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ ಇಗ್ನಿಷನ್, ಕೆಂಪು ಸೈಡ್ ಲೈಟ್, ನೀಲಿ-ಬಿಳಿ ಮೇನ್ ಬೀಮ್, ನೀಲಿ-ಕೆಂಪು ಡಿಪ್, ಕಪ್ಪು ಅರ್ಥ್. ಎಲ್ಲಾ ಕೆಂಪು ವೈರಲ್ಲೇ ಎಳೆದರೆ ಮುಂದೆ ಫಾಲ್ಟ್ ಹುಡುಕೋನು ನಿಮ್ಮನ್ನೇ ಬೈಯೋದು. ವೈರು ಜೋಡಿಸೋ ಬುಲೆಟ್ ಕನೆಕ್ಟರ್ 4.7 ಮಿಮೀ; ಅದರ ರಬ್ಬರ್ ಸ್ಲೀವ್‌ಗಳನ್ನು ಹೊಸದೇ ಹಾಕಿ, ಹಳೇದರೊಳಗೆ ತುಕ್ಕು ಕೂತಿರುತ್ತೆ.

ಡೈನಮೋ_ಭಟ್ರು
ಆಲ್ಟರ್ನೇಟರ್ ಮಾತು ಆಮೇಲೆ. ಮೊದಲು ಬೆಲ್ಟ್ ನೋಡಿ. ಬಿಗಿಯಾಗಿದ್ದರೆ ಡೈನಮೋದಿಂದ ಡಿ, ಎಫ್ (ಫೀಲ್ಡ್) ವೈರು ಎರಡನ್ನೂ ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ತುಂಡು ವೈರಿನಿಂದ ಜೋಡಿಸಿ. ವೋಲ್ಟ್‌ಮೀಟರ್‌ನ ನೆಗೆಟಿವ್ ಅಲ್ಲಿಗೆ, ಪಾಸಿಟಿವ್ ಡೈನಮೋ ಬಾಡಿಗೆ. ಸ್ಲೋ ಸ್ಪೀಡಿಂದ ನಿಧಾನವಾಗಿ ಏರಿಸಿ, 1000 ಆರ್‌ಪಿಎಂ ದಾಟಬೇಡಿ. ಮೀಟರ್ 20 ಮುಟ್ಟುವ ಮೊದಲೇ ಬಿಡಿ. ಏನೂ ಬರದಿದ್ದರೆ ಬ್ರಶ್. ಅರ್ಧದಿಂದ 1 ವೋಲ್ಟ್ ಅಂದರೆ ಫೀಲ್ಡ್ ಕಾಯಿಲ್. 4–5 ವೋಲ್ಟ್ ಅಂದರೆ ಆರ್ಮೇಚರ್ (ಒಳಗೆ ತಿರುಗೋ ಭಾಗ).

ಗ್ಯಾರೇಜ್_ಮೈಸೂರು
ನೋಡಿದೆ, 4.5ರ ಆಸುಪಾಸಲ್ಲೇ ನಿಲ್ಲುತ್ತೆ.

ಡೈನಮೋ_ಭಟ್ರು
ರಿವೈಂಡಿಂಗ್‌ಗೆ ಕೊಡೋ ಮುಂಚೆ ಕಮ್ಯುಟೇಟರ್ (ಬ್ರಶ್ ಉಜ್ಜೋ ಜಾಗ) ಒಮ್ಮೆ ಒರೆಸಿ ನೋಡಿ. ತಾಮ್ರದ ಪಟ್ಟಿಗಳ ನಡುವಿನ ಮೈಕಾ ಮೇಲೆದ್ದಿದ್ದರೆ ಬ್ರಶ್ ಕುಣಿಯುತ್ತೆ, 0.8 ಮಿಮೀ ಆಳಕ್ಕೆ ಕೆರೆಯಬೇಕು. ಅದಾದ ಮೇಲೂ 4.5 ಇದ್ದರೆ ಆರ್ಮೇಚರ್ರೇ.

ಕಂಟ್ರೋಲ್ ಬಾಕ್ಸ್‌ನ ಇ ಟರ್ಮಿನಲ್‌ಗೆ ಬಾಡಿ ಅರ್ಥ್ ಗಟ್ಟಿಯಾಗಿರಲಿ. ಅದು ಕಡಿದುಹೋದರೆ ಒಳಗಿನ ರೆಗ್ಯುಲೇಟರ್ ಕೆಲಸವೇ ಮಾಡಲ್ಲ.

ಪಾಸಿಟಿವ್ ಅರ್ಥ್ ಹಾಗೇ ಇರಲಿ ಅಂತ ನನ್ನ ಮತ. ಬದಲಿಸಲೇಬೇಕಾದರೆ ಬ್ಯಾಟರಿ ತಿರುಗಿಸಿದರೆ ಮುಗಿಯಲಿಲ್ಲ. ಎಫ್ ವೈರು ಬಿಚ್ಚಿ, ಡೈನಮೋದ ಎಫ್‌ಗೆ ಬ್ಯಾಟರಿಯ ಲೈವ್ ತುದಿಯನ್ನು ಎರಡು-ಮೂರು ಸಲ ಕ್ಷಣಮಾತ್ರ ತಾಗಿಸಿ ಪೋಲರೈಸ್ ಮಾಡಬೇಕು. ಇದನ್ನು ಮರೆತು ಸ್ಟಾರ್ಟ್ ಮಾಡಿದರೆ ಕಂಟ್ರೋಲ್ ಬಾಕ್ಸ್‌ನ ಕಟ್-ಔಟ್ (ಡೈನಮೋವನ್ನು ಬ್ಯಾಟರಿಗೆ ಜೋಡಿಸಿ ಬಿಡಿಸೋ ಸ್ವಿಚ್) ಪಾಯಿಂಟ್ ಸುಟ್ಟು ಅಂಟಿಕೊಳ್ಳುತ್ತೆ. ಇಗ್ನಿಷನ್ ಕಾಯಿಲ್‌ನ ಎಸ್‌ಡಬ್ಲ್ಯೂ (ಸ್ವಿಚ್ ಕಡೆ), ಸಿಬಿ (ಪಾಯಿಂಟ್ ಕಡೆ) ವೈರುಗಳನ್ನೂ ಅದಲು-ಬದಲು ಮಾಡಿ. ಪ್ಲಗ್ಗಿನ ನಡುವಿನ ಕಡ್ಡಿ ನೆಗೆಟಿವ್ ಆಗಿದ್ದರೇ ಕಿಡಿ ಸುಲಭವಾಗಿ ಹಾರೋದು. ಗಾಡಿಯೊಳಗಿನ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪಿನಲ್ಲಿ ಡಯೋಡ್ ಇದ್ದರೆ ಅದಕ್ಕೂ ಪೋಲಾರಿಟಿ ಇದೆ, ಹಾಗೇ ಕೂಡಿಸಬೇಡಿ.

ರಿಲೇ_ರಾಯ
ಹ್ಯಾಲೊಜನ್ ಬಗ್ಗೆ. ಹಳೇ 45 ವ್ಯಾಟ್ ಎರಡಕ್ಕೆ 7.5 ಆಂಪ್, 60 ವ್ಯಾಟ್ ಎರಡಕ್ಕೆ 10. ಸಿ40 ಡೈನಮೋ ಕೊಡೋದೇ 22 ಆಂಪ್, ಅದೂ ಓಡುವಾಗ. ಸಿಗ್ನಲ್‌ನಲ್ಲಿ ನಿಂತರೆ ಹೆಚ್ಚುಕಮ್ಮಿ ಸೊನ್ನೆ. ಹಾಕೋದಾದರೆ ಮೇನ್‌ಗೊಂದು, ಡಿಪ್‌ಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸೋ ಸ್ವಿಚ್), ತಲಾ 15 ಆಂಪ್ ಫ್ಯೂಸ್. ಇಲ್ಲದಿದ್ದರೆ ಹಳೇ ಸ್ವಿಚ್ ಬಿಸಿಯಾಗಿ ಹೋಗುತ್ತೆ. ಕಂಪನಿಯವರು ಹೆಡ್‌ಲೈಟಿಗೆ ಫ್ಯೂಸೇ ಕೊಟ್ಟಿರಲಿಲ್ಲ ಅನ್ನೋದು ನೆನಪಿರಲಿ.

ಫ್ಯೂಸ್ ಬಾಕ್ಸ್‌ನಲ್ಲಿ ‘35’ ಅಂತ ಬರೆದಿರೋದು ಫ್ಯೂಸ್ ಹಾರುವ ಕರೆಂಟ್. ಸತತವಾಗಿ ತಡೆಯೋದು ಸುಮಾರು 17 ಮಾತ್ರ. ಅಂಗಡಿಯಲ್ಲಿ ಸಿಗೋ ಬ್ಲೇಡ್ ಫ್ಯೂಸಿನ 35 ಹಾಗಲ್ಲ, ಅದನ್ನು ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತೆ. 15 ಹಾಕಿ.

ಹೊಸ ಪೇಂಟ್ ಅಂದ್ರಲ್ಲ, ಅರ್ಥ್ ಕೂರೋ ಜಾಗದಲ್ಲೆಲ್ಲ ತಗಡು ಕಾಣೋವರೆಗೆ ಕೆರೆದು ಸ್ಟಾರ್ ವಾಷರ್ ಹಾಕಿ. ಇಂಡಿಕೇಟರ್ ಮಿನುಗಿದಾಗ ಸೈಡ್ ಲೈಟ್ ಮಂಕಾದರೆ ಅಲ್ಲೇ ತಪ್ಪಿದೆ. ಎಂಜಿನ್‌ನಿಂದ ಬಾಡಿಗೆ ಹೋಗೋ ಅರ್ಥ್ ಪಟ್ಟಿ ಮರೆತರೆ ಸ್ಟಾರ್ಟರ್ ಕರೆಂಟೆಲ್ಲ ಚೋಕ್ ಕೇಬಲ್ ಮೂಲಕ ಹಾಯ್ದು ಕೇಬಲ್ ಕೆಂಪಗಾಗುತ್ತೆ.

ಗ್ಯಾರೇಜ್_ಮೈಸೂರು
ಆ ಪಟ್ಟಿ ಇಲ್ಲವೇ ಇಲ್ಲ! ಮೊದಲು ಅದನ್ನು ಹಾಕ್ತೀನಿ, ನಾಳೆ ಡೈನಮೋ ಇಳಿಸೋದು.