ಪದಚರ್ಚೆ: ಪ್ಯಾಂಟ್ರಿ ಕಾರ್, ಬೇಸ್ ಕಿಚನ್, ಎಕಾನಮಿ ಮೀಲ್ (ಅರ್ಜೆಂಟ್)

ಕುಮಟಾದಿಂದ:
ನಮಸ್ಕಾರ. ದೂರದ ರೈಲುಗಳ ಊಟದ ಬಗ್ಗೆ ನಾವು ಕೆಲವರು ಸೇರಿ ಒಂದು ಕರಪತ್ರ ಮಾಡಿದ್ದೇವೆ. ಮುಂಬೈ, ದಿಲ್ಲಿಯಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ಹಿರಿಯರಿಗಾಗಿ. ಕೊರೊನಾ ಕಾಲದಲ್ಲಿ ನಿಂತಿದ್ದ ಬಿಸಿ ಊಟ 2021ರ ನವೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಆದರೂ ಎಲ್ಲಿ ಕೇಳಬೇಕು, ಏನು ಸಿಗುತ್ತದೆ ಅಂತ ಗೊಂದಲ ಇದೆ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು. ಪ್ಯಾಂಟ್ರಿ ಕಾರ್, ಬೇಸ್ ಕಿಚನ್, ಎಕಾನಮಿ ಮೀಲ್ ಈ ಮೂರಕ್ಕೆ ಕನ್ನಡ ಬೇಕು. ಮೊದಲನೆಯದಕ್ಕೆ 'ಅಡುಗೆ ಬೋಗಿ' ಎಂದು ಬರೆದಿದ್ದೇನೆ. ನಡೆಯುತ್ತದಾ?

ಶಿರಸಿಯಿಂದ:
'ಬೋಗಿ' ಬೇಡ. ಇಂಗ್ಲಿಷಿನಲ್ಲಿ ಅದು ಡಬ್ಬಿಯ ಅಡಿಯ ಗಾಲಿಗಳ ಚೌಕಟ್ಟು. ತಪ್ಪು ಅರ್ಥದಲ್ಲಿ ಎರವಲು ತಂದು ಕೂತಿದ್ದೇವೆ. 'ಬಾಣಸ ಬಂಡಿ' ಅನ್ನಿ. ಬಾಣಸಿಗ ನಮ್ಮ ಹಳೆಯ ಪದ. ಅಚ್ಚಗನ್ನಡ ಇರುವಾಗ ಬೇರೆ ಯಾಕೆ?

ಹೊನ್ನಾವರದಿಂದ:
ಬಾಣಸ ಅಚ್ಚಗನ್ನಡ ಅಲ್ಲ ಮಾಸ್ತರೇ. ಸಂಸ್ಕೃತದ 'ಮಹಾನಸ'ದ ತದ್ಭವ. ಅಚ್ಚಗನ್ನಡವೇ ಬೇಕಿದ್ದರೆ 'ಅಡು'ವಿನಿಂದ ಬಂದ ಅಡುಗೆ ಇದೆಯಲ್ಲ. ಕುಮಟಾದವರು ಬರೆದದ್ದೇ ಸರಿ.

ಸಿದ್ದಾಪುರದಿಂದ:
'ಉಗ್ರಾಣ' ಯಾಕಾಗಬಾರದು? ಮದುವೆ ಮನೆಯ ಉಗ್ರಾಣದಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಸಾಮಾನು ಇಟ್ಟುಕೊಂಡು, ಕೇಳಿದ ಹಾಗೆ ತೆಗೆದು ಕೊಡುತ್ತಾರೆ. ಪ್ಯಾಂಟ್ರಿ ಅಂದರೂ ಮೂಲದಲ್ಲಿ ಅದೇ ಅಲ್ವಾ?

ಕಾರವಾರದಿಂದ:
ಸಿದ್ದಾಪುರದ ಅಕ್ಕ ಹತ್ತಿರ ಬಂದಿದ್ದಾರೆ. ಉಳಿದವರು ಧಾತು ಹಿಡಿದು ಕೂತಿದ್ದೀರಿ. ಆ ಡಬ್ಬಿಯಲ್ಲಿ ಈಗ ಏನು ನಡೆಯುತ್ತದೆ ಅನ್ನುವುದನ್ನು ಮೊದಲು ನೋಡಿ.

2017ರ ಕೇಟರಿಂಗ್ ನೀತಿ ಅಡುಗೆಯನ್ನೂ ಹಂಚುವುದನ್ನೂ ಬೇರೆ ಮಾಡಿತು. ಅಡುಗೆ ಆಗಬೇಕಾದದ್ದು ಹೊರಗೆ, ಬೇಸ್ ಕಿಚನ್ನಿನಲ್ಲಿ. ಅಲ್ಲಿಂದ ಊಟ ಗಾಡಿಗೆ ಏರುತ್ತದೆ. ಪ್ಯಾಂಟ್ರಿಯ ಮುಖ್ಯ ಕೆಲಸ ಅದನ್ನು ಇಟ್ಟುಕೊಳ್ಳುವುದು, ಬಿಸಿ ಮಾಡುವುದು, ಹಂಚುವುದು. 'ಅಡುಗೆ ಬೋಗಿ' ಅಂತ ಓದಿದ ಅಜ್ಜಿ ಏನು ತಿಳಿಯುತ್ತಾಳೆ? ಅಲ್ಲೇ ಅನ್ನ ಬೇಯುತ್ತಿದೆ ಅಂತ. ಸ್ವಲ್ಪ ಮೆತ್ತಗೆ ಬೇಯಿಸಿ ಕೊಡಿ ಅಂತ ಕೇಳಲಿಕ್ಕೂ ಹೋಗಬಹುದು. ಹಿರಿಯರಿಗೆ ಕೊಡುವ ಕಾಗದದಲ್ಲಿ ಇಂಥ ತಪ್ಪು ತಿಳಿವಳಿಕೆಗೆ ಜಾಗ ಇರಬಾರದು.

'ಊಟದ ಬೋಗಿ' ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅದೂ ಬೇಡ. ಊಟದ ಬೋಗಿ ಅಂದರೆ ಮೇಜಿನ ಮುಂದೆ ಕೂತು ಉಣ್ಣುವ ಜಾಗ. ಮುಂಬೈ-ಪುಣೆ ನಡುವೆ 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್‌ನಲ್ಲಿ ಅದಿದೆ. ನಮ್ಮ ದಾರಿಯ ಗಾಡಿಗಳಲ್ಲಿ ಸೀಟಿಗೇ ತಂದುಕೊಡುತ್ತಾರೆ.

ನನ್ನ ಸಲಹೆ: 'ಪ್ಯಾಂಟ್ರಿ' ಅಂತಲೇ ಬರೆಯಿರಿ, ಪಕ್ಕದಲ್ಲಿ 'ಊಟ ಹಂಚುವ ಬೋಗಿ' ಎಂದು ಸೇರಿಸಿ. ರತ್ನಾಗಿರಿ ದಾಟಿದ ಮೇಲೆ 'ಉಗ್ರಾಣ ಎಲ್ಲಿ' ಅಂತ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಪ್ಯಾಂಟ್ರಿ ಅಂದರೆ ದಿಲ್ಲಿವರೆಗೂ ನಡೆಯುತ್ತದೆ. ಬೇಸ್ ಕಿಚನ್‌ಗೆ 'ಹೊರಗಿನ ಅಡುಗೆಮನೆ' ಸಾಕು.

ಇನ್ನೊಂದು ಮಾತು. ಪ್ಯಾಂಟ್ರಿ ನಮಗೆ ಪರಕೀಯ ಅಂತ ಯಾರೂ ಹೇಳಬೇಡಿ. ಅದರ ಬೇರು ಲ್ಯಾಟಿನ್ನಿನ 'ಪಾನಿಸ್', ಅಂದರೆ ರೊಟ್ಟಿ. ಅದೇ ಬೇರು ಪೋರ್ಚುಗೀಸರಿಂದ ಗೋವೆಗೆ ಬಂದು 'ಪಾವ್' ಆಯಿತು. ಬೆಳಿಗ್ಗೆ ನಮ್ಮ ಕಾರವಾರದಲ್ಲಿ ತಿನ್ನುವ ಪಾವ್ ಇದರ ಸೋದರ.

ಶಿರಸಿಯಿಂದ:
ಪಾವ್ ಪುರಾಣ ಕರಪತ್ರಕ್ಕೆ ಬೇಡ. ಎಕಾನಮಿ ಮೀಲ್‌ಗೆ ಯಾರೂ ಉತ್ತರಿಸಿಲ್ಲ. 'ಅಗ್ಗದ ಊಟ' ಎಂದು ಮಾತ್ರ ಬರೆಯಬೇಡಿ. ಜನರಲ್ ಬೋಗಿಗಳು ನಿಲ್ಲುವ ಕಡೆ ಪ್ಲಾಟ್‌ಫಾರ್ಮಿನಲ್ಲಿ 2023ರಿಂದ 20 ರೂಪಾಯಿಗೆ ಮಾರಲು ಶುರುಮಾಡಿದ್ದು 7 ಪೂರಿ, ಪಲ್ಯ, ಉಪ್ಪಿನಕಾಯಿ. ಅದು ಊಟ ಹೇಗಾಗುತ್ತದೆ? ನಾವು ಅನ್ನ ಉಣ್ಣುತ್ತೇವೆ, ಪೂರಿ ತಿನ್ನುತ್ತೇವೆ. ಊಟ ಬಂದದ್ದು 'ಉಣ್'ನಿಂದ. ಇಂಗ್ಲಿಷಿನ 'ಮೀಲ್'ಗೆ ಈ ಭೇದ ಇಲ್ಲ, ನಮಗೆ ಇದೆ. ಅದನ್ನು ಸುಮ್ನೆ ಕಳೆದುಕೊಳ್ಳುವುದು ಯಾಕೆ? '20 ರೂಪಾಯಿಯ ಪೂರಿ ಪೊಟ್ಟಣ' ಅನ್ನಿ.

ಕುಮಟಾದಿಂದ:
ಮಾಸ್ತರ ಮಾತು ಒಪ್ಪಿದೆ. ಅಚ್ಚಿಗೆ ಹೋಗುವುದು ಹೀಗೆ: 'ಪ್ಯಾಂಟ್ರಿಯಲ್ಲಿ (ಊಟ ಹಂಚುವ ಬೋಗಿ) ಸಿಗುವ ಊಟ ಹೊರಗಿನ ಅಡುಗೆಮನೆಯಲ್ಲಿ ಮಾಡಿದ್ದು. ಹೆಚ್ಚು ಖಾರ ಆಗದವರು ಮನೆಯಿಂದ ಬುತ್ತಿ ಒಯ್ಯಿರಿ. ಜನರಲ್ ಬೋಗಿಯವರಿಗೆ ಕೆಲವು ನಿಲ್ದಾಣಗಳಲ್ಲಿ 20 ರೂಪಾಯಿಗೆ ಪೂರಿ, ಬಟಾಟೆ ಪಲ್ಯದ ಪೊಟ್ಟಣ ಸಿಗುತ್ತದೆ.' ಎಲ್ಲರಿಗೂ ಧನ್ಯವಾದ.

ಹೊನ್ನಾವರದಿಂದ:
'ಬಟಾಟೆ' ತೆಗೆಯಿರಿ. ಆಲೂಗಡ್ಡೆ ಅನ್ನಿ. ಬಟಾಟೆ ಪೋರ್ಚುಗೀಸ್ ಪದ.

ಕಾರವಾರದಿಂದ:
ನಮ್ಮ ಪಗಾರ, ಚಾವಿ ಎರಡೂ ಪೋರ್ಚುಗೀಸರಿಂದಲೇ ಬಂದವು. ಅವನ್ನೂ ತೆಗೆಯುತ್ತೀರಾ? ಆಲೂ ಅಂತೂ ಹಿಂದಿಯ ಕಡೆಯಿಂದ ಬಂದದ್ದು. ಒಂದು ಎರವಲು ಕಿತ್ತು ಇನ್ನೊಂದು ನೆಡುವುದರಲ್ಲಿ ಅರ್ಥವಿಲ್ಲ. ಓದುವವರು ಅಂಕೋಲೆ, ಕುಮಟೆಯವರು. ಅವರ ಮನೆಯಲ್ಲಿ ಅದು ಬಟಾಟೆ. ಹಾಗೇ ಇರಲಿ.

ಹೊನ್ನಾವರದಿಂದ:
ಬೆಂಗಳೂರಿನವರು ಓದಿದರೆ?

ಕುಮಟಾದಿಂದ:
ಬೆಂಗಳೂರಿನಲ್ಲಿ ಹಂಚುವುದಿಲ್ಲ ಸರ್. ಬಟಾಟೆ ಅಂತಲೇ ಪ್ರೆಸ್ಸಿಗೆ ಕಳಿಸುತ್ತಿದ್ದೇನೆ.