ಹಿಮ ಬೀಳುವ ಊರಿನಲ್ಲಿ ಹುಲ್ಲುಹಾಸಿಗೆ ನೀರಿನ ಪೈಪು: ಅನುಭವ ಹಂಚಿಕೆ

ಬೆಳಗಾವಿಯಿಂದ ಕೇಳಿದ್ದು: ಅಳಿಯಂದಿರು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಮನೆ ಕೊಂಡಿದ್ದಾರೆ. ಅಲ್ಲಿ ಕೂಲಿ ದುಬಾರಿಯಾದ್ದರಿಂದ ಹುಲ್ಲುಹಾಸಿಗೆ ಸ್ಪ್ರಿಂಕ್ಲರ್ ಪೈಪನ್ನು ತಾವೇ ಹಾಕಬೇಕೆಂದಿದ್ದಾರೆ. ಬೇಸಿಗೆಯಲ್ಲಿ ನಾನೂ ಹೋಗಿ ಕೈಜೋಡಿಸುವವನಿದ್ದೇನೆ. ಚಳಿಗೆ ಪೈಪು ಒಡೆಯದಿರಲು ಎಷ್ಟು ಆಳ ತೋಡಬೇಕು? ತಿಳಿದವರು ದಯವಿಟ್ಟು ಹೇಳಬೇಕು.

ಬಾಗಲಕೋಟೆಯಿಂದ, ಮಿನ್ನೆಸೋಟದಲ್ಲಿ ಕೆಲಕಾಲ ಇದ್ದವರು: ನಮಸ್ಕಾರ. ಆಳ ಹೆಚ್ಚಿಸಿ ಪೈಪು ಉಳಿಸುವ ಆಲೋಚನೆಯನ್ನು ತಾವು ಮೊದಲು ಬಿಡಬೇಕೆಂದು ನನ್ನ ಸಲಹೆ. ಆ ರಾಜ್ಯದ ದಕ್ಷಿಣ ಭಾಗದಲ್ಲಿ ಮನೆಯ ಅಡಿಪಾಯವನ್ನು 42 ಇಂಚು, ಉತ್ತರದಲ್ಲಿ 60 ಇಂಚು ಆಳಕ್ಕೆ ಇಳಿಸಬೇಕೆಂಬ ನಿಯಮವಿರುವುದು ಮಣ್ಣು ಅಷ್ಟರವರೆಗೂ ಹೆಪ್ಪುಗಟ್ಟಬಹುದೆಂಬ ಕಾರಣದಿಂದಲೇ. ಹುಲ್ಲುಹಾಸಿನ ಪೈಪನ್ನು ಸಾಮಾನ್ಯವಾಗಿ 8ರಿಂದ 12 ಇಂಚಿನಲ್ಲಿ ಹಾಕುತ್ತಾರೆ. ಆದ್ದರಿಂದ ನಮ್ಮಲ್ಲಿ ನೀರನ್ನು ಕೊನೆಯ ಗಿಡದವರೆಗೆ ಒಯ್ಯುವುದು ಹೇಗೆ ಎಂಬುದರಿಂದ ಯೋಜನೆ ಶುರುವಾದರೆ, ಅಲ್ಲಿ ಚಳಿಗೆ ಮುನ್ನ ನೀರನ್ನೆಲ್ಲ ಹೊರಹಾಕುವುದು ಹೇಗೆ ಎಂಬುದರಿಂದ ಶುರುವಾಗಬೇಕು. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಪಿ.ವಿ.ಸಿ. ಪೈಪು ಅದನ್ನು ತಾಳದೆ ಸೀಳುತ್ತದೆ, ಪಾಲಿಥಿನ್ ಪೈಪು ಸ್ವಲ್ಪ ಮಣಿಯುತ್ತದೆ. ಸ್ವತಃ ಕೆಲಸ ಮಾಡುವವರಿಗೆ ನಾನು ಪಾಲಿಥಿನ್ ಪೈಪನ್ನೇ ಹೇಳುತ್ತೇನೆ.

ಪೈಪನ್ನು ಖಾಲಿ ಮಾಡಲು ಕಂಪ್ರೆಸರ್‌ನಿಂದ ಗಾಳಿ ಊದುವುದು ಅಲ್ಲಿನ ರೂಢಿ. ಟೈರಿಗೆ ಗಾಳಿ ತುಂಬುವ ಸಣ್ಣ ಯಂತ್ರದಲ್ಲಿ ಒತ್ತಡವಿದ್ದರೂ ಗಾಳಿಯ ಪ್ರಮಾಣ ಸಾಲದು. ದೊಡ್ಡದನ್ನು ಬಾಡಿಗೆಗೆ ತರುವುದೇ ಲೇಸು. ಗಾಳಿಯ ಒತ್ತಡ ಪಾಲಿಥಿನ್ ಪೈಪಿಗೆ 50 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್), ಪಿ.ವಿ.ಸಿ.ಗೆ 80 ಪಿ.ಎಸ್.ಐ. ಮೀರಕೂಡದು. ಮೊದಲು ಒಂದು ವಿಭಾಗದ (ಒಂದೇ ವಾಲ್ವಿನಿಂದ ನೀರು ಪಡೆಯುವ ಸ್ಪ್ರಿಂಕ್ಲರ್‌ಗಳ ಗುಂಪಿನ) ವಾಲ್ವ್ ತೆರೆದಿಟ್ಟು, ಆಮೇಲೆಯೇ ಗಾಳಿ ಬಿಡಬೇಕು. ದೂರದ ವಿಭಾಗದಿಂದ ಆರಂಭಿಸಿ, ಒಂದೊಂದಕ್ಕೂ ಒಂದೆರಡು ನಿಮಿಷ ಮಾತ್ರ ಊದಿ, ಬೇಕಾದರೆ ಮತ್ತೊಂದು ಸುತ್ತು ಬರಬೇಕು. ನೀರಿಲ್ಲದ ಪೈಪಿಗೆ ಬಹಳ ಹೊತ್ತು ಗಾಳಿ ಬಿಟ್ಟರೆ ಸ್ಪ್ರಿಂಕ್ಲರ್‌ನ ಒಳಗಿನ ಹಲ್ಲುಚಕ್ರಗಳು ಬಿಸಿಯಾಗಿ ಹಾಳಾಗುತ್ತವೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು. ಅಳಿಯಂದಿರಿಗೆ ಇದನ್ನು ಒತ್ತಿ ಹೇಳಿರಿ.

ಹೊಲಸು ನೀರು ಕುಡಿಯುವ ನೀರಿನ ಕೊಳವೆಗೆ ಮರಳದಂತೆ ತಡೆಯುವ ಸಾಧನವನ್ನು ಅಲ್ಲಿ ಕಡ್ಡಾಯವಾಗಿ ಕೂರಿಸಬೇಕು. ಅದು ನೆಲದ ಮೇಲಿರುವುದರಿಂದ ಚಳಿಗೆ ಮೊದಲು ಬಲಿಯಾಗುವುದೂ ಅದೇ. ಅದಕ್ಕೆ ನೀರು ಬಿಡುವ ಮುಖ್ಯ ವಾಲ್ವನ್ನು ಮನೆಯೊಳಗೆ, ಬೆಚ್ಚಗಿನ ನೆಲಮಾಳಿಗೆಯಲ್ಲಿ ಇಟ್ಟುಕೊಳ್ಳಿ. ಗಾಳಿಯನ್ನು ಆ ಸಾಧನದ ಮೂಲಕ ಹಾಯಿಸದೆ, ಅದರಾಚೆಗೆ ಜೋಡಿಸಿ ಊದಬೇಕು. ಗುದ್ದಲಿ ಹಾಕುವ ಮುನ್ನ ಕೆಲವು ದಿನ ಮೊದಲೇ 811ಕ್ಕೆ ಕರೆ ಮಾಡಿದರೆ, ಭೂಮಿಯಲ್ಲಿರುವ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಉಚಿತವಾಗಿ ಗುರುತಿಸಿ ಕೊಡುತ್ತಾರೆ.

ವಿಜಯಪುರದಿಂದ, ದ್ರಾಕ್ಷಿ ತೋಟದವರು: ಚಳಿಯ ವಿಷಯವನ್ನು ಮೇಲಿನವರು ಹೇಳಿದ್ದಾರೆ, ನೀರಿನ ಲೆಕ್ಕ ಎಲ್ಲೆಡೆ ಒಂದೇ ಆದ್ದರಿಂದ ಅಷ್ಟನ್ನು ನಾನು ಸೇರಿಸುತ್ತೇನೆ. ನಮ್ಮ ಡ್ರಿಪ್ ಸುಮಾರು ಒಂದು ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡದಲ್ಲಿ ನಡೆಯುತ್ತದೆ, ತುಂತುರಿನ ಮೂತಿಗೆ 30 ಪಿ.ಎಸ್.ಐ., ಅಂದರೆ ಎರಡು ಕೆ.ಜಿ.ಗಿಂತ ತುಸು ಹೆಚ್ಚು, ತಿರುಗುವ ಮೂತಿಗೆ 45 ಪಿ.ಎಸ್.ಐ. ಬೇಕಾಗುತ್ತದೆ. ಈ ಎರಡು ಬಗೆಯ ಮೂತಿಗಳನ್ನು ಒಂದೇ ವಾಲ್ವಿಗೆ ಸೇರಿಸಬೇಡಿ, ಏಕೆಂದರೆ ಒಂದು ಕಡೆ ಕೆಸರಾಗುವಷ್ಟರಲ್ಲಿ ಇನ್ನೊಂದು ಕಡೆ ಬೇರು ಸಹ ನೆನೆದಿರುವುದಿಲ್ಲ. ಸಾಮಾನು ಕೊಳ್ಳುವ ಮೊದಲು 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿರಿ. 30 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 40 ಲೀಟರ್ ಆಯಿತು; ಅದರ ಮುಕ್ಕಾಲು ಪಾಲು, ಅಂದರೆ 30 ಲೀಟರಿಗೆ ಒಂದು ವಿಭಾಗದ ಮೂತಿಗಳನ್ನು ಹೊಂದಿಸಿರಿ. ಒಂದು ಮೂತಿಯ ನೀರು ಪಕ್ಕದ ಮೂತಿಯ ಬುಡವನ್ನು ಮುಟ್ಟುವಷ್ಟು ಹತ್ತಿರ ಅವುಗಳನ್ನು ಕೂರಿಸಬೇಕು. ವಸಂತದಲ್ಲಿ ಮತ್ತೆ ನೀರು ಬಿಡುವಾಗ ಮುಖ್ಯ ವಾಲ್ವನ್ನು ನಿಧಾನವಾಗಿ ತಿರುಗಿಸಿರಿ. ಖಾಲಿ ಪೈಪಿನಲ್ಲಿ ನೀರು ಒಮ್ಮೆಲೇ ನುಗ್ಗಿದರೆ ಜೋಡಣೆಗಳು ಬಿಚ್ಚಿಕೊಳ್ಳುತ್ತವೆ.